ಹೆಸರಿನ ಜಾಗದಲ್ಲಿ ಎರಡು ಎಂಟರ್

ಮೊನ್ನೆ ಕಣ್ಣು ತೋರಿಸ್ಲಿಕ್ಕೆ ಕಂಕನಾಡಿಯ ಆಸ್ಪತ್ರೆಗೆ ಹೋಗಿದ್ದೆ. ಈಗ ಅಲ್ಲಿ ಚೀಟಿ ಬರೆದು ಕೊಡುವವರು ಯಾರೂ ಇಲ್ಲ. ಗೋಡೆಯಲ್ಲಿ ಅಂಟಿಸಿದ ಒಂದು ಚೌಕಕ್ಕೆ ಮೊಬೈಲ್ ಹಿಡೀಬೇಕು, ನಮ್ಮ ಹೆಸರು ನಾವೇ ತುಂಬಿಸ್ಬೇಕು. ಕಣ್ಣು ಕಾಣದೆ ಬಂದವರು ಹೇಗೆ ತುಂಬಿಸುವುದು ಅಂತ ಯಾರೂ ಯೋಚನೆ ಮಾಡಿದ ಹಾಗೆ ಇಲ್ಲ. ಹೆಸರು ಒತ್ತಿದೆ, ಅಭ್ಯಾಸದಲ್ಲಿ ಆ ಬಗ್ಗಿದ ಬಾಣವನ್ನೂ ಒತ್ತಿದೆ. ಎಂಟರ್ ಅಂತಾರಲ್ಲ, ಅದು. ಕೂಡ್ಲೇ ಕೆಂಪು ಅಕ್ಷರದಲ್ಲಿ ಬಂತು: ‘ಹೆಸರನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಹೊಸ ಸಾಲು ಹಾಕಬೇಡಿ.’

ನನಗೆ ಮೊದಲು ನಗು ಬಂತು. ಮತ್ತೆ ಸಿಟ್ಟು ಬಂತು. ಕಣ್ಣಿಗೆ ಬಿಟ್ಟ ಮದ್ದಿನ ಉರಿ ಮನೆಗೆ ಬರುವಾಗ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. ಈಗ ಗೊತ್ತಾಯ್ತಾ ಇವರಿಗೆಲ್ಲ? ಈ ಕೆಂಪು ಸಾಲು ಅವತ್ತು ಇದ್ದಿದ್ರೆ ನಮ್ಮ ಮೇಲಿನ ಮನೆಯವಳು...

ಹೇಳ್ತೇನೆ. ನಿಧಾನ ಆಗ್ತದೆ. ನಾನು ಮೊಬೈಲಲ್ಲಿ ಕನ್ನಡ ಒತ್ತಲಿಕ್ಕೆ ಕಲಿತು ಮೂರು ತಿಂಗಳಾಯ್ತಷ್ಟೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಎಂತ ಹೇಳ್ಲಿಕ್ಕೆ ಹೊರಟದ್ದು ಅಂತ ಮರೆತು ಹೋಗ್ತದೆ. ಆದ್ರೆ ಇದು ಮರೆಯುವ ವಿಷಯ ಅಲ್ಲ.

ಶಕ್ತಿನಗರದಲ್ಲಿ ನಮ್ಮ ಮನೆಗೆ ಮಹಡಿ ಹಾಕಿದ ಮೇಲೆ ಮೊದಲು ಬಾಡಿಗೆಗೆ ಬಂದವಳು ಅವಳು. ನಲವತ್ತು ದಾಟಿತ್ತು, ಒಬ್ಬಳೇ ಇದ್ದಳು. ಯಾಕೆ ಒಬ್ಬಳೇ ಅಂತ ನಾನು ಕೇಳಿದ್ದು ಒಂದೇ ಸಲ. “ನಿಮಗೆ ಬೇರೆ ಕೆಲಸ ಇಲ್ವಾ ಅಮ್ಮ?” ಅಂದಳು. ಇಲ್ಲ ಅಂದೆ. ಇಬ್ಬರೂ ನಗಾಡಿದೆವು, ಆ ವಿಷಯ ಅಲ್ಲಿಗೇ ಮುಗೀತು. ಬೆಳಿಗ್ಗೆ ಬಸ್ಸು ಹಿಡಿದು ಕೊಟ್ಟಾರದ ಒಂದು ಆಫೀಸಿಗೆ ಹೋಗ್ತಿದ್ದಳು. ಬೇರೆಯವರು ಮಾಡಿದ ಸಾಫ್ಟ್‌ವೇರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಹೇಗೆ ಹುಡುಕುವುದು ಅಂತ ಕೇಳಿದ್ರೆ, “ಬೇಕಂತಲೇ ತಪ್ಪು ತಪ್ಪು ಒತ್ತುವುದು ಅಮ್ಮ, ಎಲ್ಲಿ ಮುರೀತದೆ ಅಂತ ನೋಡುವುದು” ಅಂದಳು. ಅದಕ್ಕೆ ಸಂಬಳ ಕೊಡ್ತಾರಾ ಮಾರಾಯ್ತಿ, ನನಗೂ ಒಂದು ಅರ್ಜಿ ಹಾಕು ಅಂದೆ.

ಅವಳ ಸ್ವಭಾವವೇ ಹಾಗೆ. ಊದುಬತ್ತಿ ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನೂ ಪೂರ್ತಿ ಓದುವವಳು. ನಮ್ಮ ನೀರಿನ ಪಂಪಿನ ಪುಸ್ತಕ ಹದಿನೈದು ವರ್ಷ ಅಟ್ಟದಲ್ಲಿ ಬಿದ್ದಿತ್ತು. ಅದನ್ನು ಓದಿ, ಸ್ವಿಚ್ಚು ತಲೆಕೆಳಗೆ ಹಾಕಿದ್ದಾರೆ ಅಂತ ಕಂಡುಹಿಡಿದವಳು ಅವಳು. ನಾನು ಪತ್ರೊಡೆ ಮಾಡಿ ಮೇಲೆ ಕಳಿಸಿದ್ರೆ, ಪಾತ್ರೆ ವಾಪಸು ಬರುವಾಗ ಒಂದು ಹಿಡಿ ಸಕ್ಕರೆಯೋ ನಾಲ್ಕು ಮಲ್ಲಿಗೆಯೋ ಇಲ್ಲದೆ ಬಂದದ್ದಿಲ್ಲ. ನನಗೆ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಹೆಸರು ಬರೀಲಿಕ್ಕೆ ಹೇಳಿಕೊಟ್ಟದ್ದೂ ಅವಳೇ. ಮೆಟ್ಟಿಲಲ್ಲಿ ಕೂತು. ನನ್ನ ತೋರುಬೆರಳು ತರಕಾರಿ ಹೆಚ್ಚುವ ಮೆಟ್ಟುಕತ್ತಿಗೆ ಸಿಕ್ಕಿ ಜೋಮು ಹಿಡಿದದ್ದು, ಅದನ್ನು ಮೊಬೈಲ್ ಬೆರಳು ಅಂತಲೇ ಒಪ್ಪುವುದಿಲ್ಲ. ನಡುಬೆರಳಲ್ಲಿ ಒತ್ತುವುದು ಕಲಿಸಿದಳು.

ಆಗಲೇ ನಮ್ಮ ದೇವಸ್ಥಾನದಲ್ಲಿ ಪೂಜೆಗೆ ಮೊಬೈಲಿಂದ ಹೇಳಿಸುವ ವ್ಯವಸ್ಥೆ ಬಂದದ್ದು. ಮಾಡಿಕೊಟ್ಟದ್ದು ಅವಳ ಆಫೀಸಿನವರು. ದೇವಸ್ಥಾನದಲ್ಲಿ ಅರ್ಚಕ ನನ್ನ ಮೈದುನ. ಇಲ್ಲಿ ಹೆಸರು ಒತ್ತಿದ್ರೆ ಅಲ್ಲಿ ದೇವಸ್ಥಾನದ ಆಫೀಸಲ್ಲಿ ಚೀಟಿ ಪ್ರಿಂಟಾಗಿ ಬರ್ತದೆ, ಮೈದುನ ಅದನ್ನು ನೋಡಿ ಸಂಕಲ್ಪದಲ್ಲಿ ಹೆಸರು ಓದ್ತಾನೆ.

ನಾನು ಒಂದು ಹೂವಿನ ಪೂಜೆಗೆ ಒತ್ತಿದೆ. ನಮ್ಮ ಮನೆಯಲ್ಲಿ ಪೂಜೆಯ ಚೀಟಿ ಬರೆಯುವುದಕ್ಕೆ ಒಂದು ಕ್ರಮ ಉಂಟು, ಮಾವನ ಕಾಲದಿಂದ ಬಂದದ್ದು. ಯಜಮಾನನ ಹೆಸರು ಮೇಲೆ. ಕೆಳಗೆ ಒಂದು ಸಾಲು ಖಾಲಿ. ಆಮೇಲೆ ಉಳಿದವರು, ಒಬ್ಬರ ಕೆಳಗೆ ಒಬ್ಬರು. ಯಜಮಾನನ ಹೆಸರಿಗೆ ಬೇರೆಯವರ ಹೆಸರು ತಾಗಬಾರದಂತೆ. ಮಾವ ಹೇಳಿದ್ದು, ನಾನು ಬಂದ ವರ್ಷದಿಂದ ಹಾಗೇ ಬರೆದದ್ದು. ಮೊಬೈಲಲ್ಲೂ ಹಾಗೇ ಮಾಡಿದೆ. ಯಜಮಾನ ಅಂತ ಮಗನ ಹೆಸರು ಒತ್ತಿದೆ, ಎಂಟರ್, ಇನ್ನೊಂದು ಎಂಟರ್, ಮತ್ತೆ ಸೊಸೆ, ಮೊಮ್ಮಗಳು, ನಾನು. ಆ ಪೆಟ್ಟಿಗೆ ದೊಡ್ಡದಾಗಿಯೇ ಇತ್ತು. ಒತ್ತಿದ್ರೆ ಕೆಳಗೆ ಹೋಯ್ತು. ಬೇಡ ಅಂತ ಯಾರೂ ಹೇಳಲಿಲ್ಲ.

ಪೂಜೆಯ ದಿನ ಮೈದುನ ಹೆಸರು ಓದುತ್ತಾ ಬಂದವ, ನನ್ನ ಹೆಸರಾದ ಮೇಲೆ ನಿಂತ. ಕನ್ನಡಕ ಮೇಲೆ ಮಾಡಿದ, ಕೆಳಗೆ ಮಾಡಿದ.

“ಅತ್ತಿಗೆ, ಈ ಬೇರರ್ ಯಾರು?”

“ಎಂತ ಬೇರರ್?”

“ಇಲ್ಲಿ ಉಂಟು. ಆಥರೈಸೇಶನ್ ಅಂತ ಒಬ್ಬ, ಬೇರರ್ ಅಂತ ಒಬ್ಬ. ನಮ್ಮ ಮನೆಯಲ್ಲಿ ಹೋಟೆಲ್ ಕೆಲಸಕ್ಕೆ ಹೋದವರು ಯಾರೂ ಇಲ್ಲವಲ್ಲ?”

“ನಿನ್ನ ಹೆಂಡತಿ ಕಡೆಯವರು ಇರ್ಬೇಕು. ಓದು.”

ಪಾಪ, ಯಾರಾದ್ರೂ ಬಿಟ್ಟುಹೋದ್ರೆ ಅಂತ ಹೆದರಿ ಅವನು ಓದಿಯೇ ಓದಿದ. ಆಥರೈಸೇಶನ್ ನಾಮಧೇಯಸ್ಯ, ಬೇರರ್ ನಾಮಧೇಯಸ್ಯ. ಅದರ ಮುಂದೆ ಎರಡು ಸಾಲು ಬರೀ ಅಕ್ಷರ, ಅಂಕೆ, ತಲೆಬುಡ ಇಲ್ಲದ್ದು. ಅದನ್ನು ಮಾತ್ರ ನುಂಗಿದ. ಮೊಮ್ಮಗಳು ಕಂಬದ ಹಿಂದೆ ಹೋಗಿ ನಗಾಡಿದಳು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಆ ಚೀಟಿ ತಂದು ಸಂಜೆ ಮೇಲಿನವಳಿಗೆ ತೋರಿಸಿದೆ, ಅವಳೂ ನಗಾಡ್ಲಿ ಅಂತ. ಚಪ್ಪಲಿ ಬಿಚ್ಚುತ್ತಾ ಇದ್ದಳು. ಒಂದು ಕಾಲಿಂದು ಬಿಚ್ಚಿದ್ದಳು, ಇನ್ನೊಂದು ಹಾಗೇ ಉಳೀತು.

“ಅಮ್ಮ, ಇದನ್ನು ಯಾರ್ಯಾರು ನೋಡಿದ್ರು?”

“ದೇವಿ ನೋಡಿದ್ದಾಳೆ.”

“ತಮಾಷೆ ಬೇಡ ಅಮ್ಮ. ಇದು ಬೀಗದ ಕೈ. ದೇವಸ್ಥಾನದ ಎಲ್ಲ ಭಕ್ತರ ಹೆಸರು, ಫೋನ್ ನಂಬರ್ ಇಟ್ಟ ಕೋಣೆಯ ಕೈ.”

ಅವಳು ಮೆಟ್ಟಿಲಲ್ಲೇ ಕೂತು ನನಗೆ ಬಿಡಿಸಿ ಹೇಳಿದಳು. ನನಗೆ ಅರ್ಥ ಆದಷ್ಟು ಹೇಳ್ತೇನೆ. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ವಿಷಯ ಕಳಿಸುವುದು ಕಾಗದ ಬರೆದ ಹಾಗೆ. ಮೇಲೆ ನಾಲ್ಕೈದು ಸಾಲು: ಯಾರಿಂದ, ಯಾರಿಗೆ, ಒಳಗೆ ಬಿಡ್ಲಿಕ್ಕೆ ಗುಟ್ಟಿನ ಕೈ ಯಾವುದು. ಮತ್ತೆ ಒಂದು ಸಾಲು ಖಾಲಿ. ಖಾಲಿ ಸಾಲಿನ ಕೆಳಗೆ ಇದ್ದದ್ದೆಲ್ಲ ಒಳಗಿನ ವಿಷಯ. ಆ ಮೇಲಿನ ಸಾಲಿಗೆ ಹೆಡರ್ ಅಂತ ಹೆಸರು.

“ಹೆಡ್ಡರಾ? ಯಾರು, ನಾವಾ?”

“ಹೆಡ್ಡರಲ್ಲ ಅಮ್ಮ, ಹೆಡರ್. ತಲೆಯ ಸಾಲು.”

ಪೂಜೆ ಮಾಡಿಸುವವರ ಹೆಸರನ್ನೂ ಅವರ ಆಫೀಸಿನವರು ಆ ತಲೆಯ ಸಾಲಲ್ಲೇ ಸೇರಿಸಿದ್ದರಂತೆ. ನಾನು ಹೆಸರಲ್ಲಿ ಎರಡು ಎಂಟರ್ ಒತ್ತಿದ ಕೂಡ್ಲೇ ಅಲ್ಲಿ ಖಾಲಿ ಸಾಲು ಬಿತ್ತು. ಆ ಕಂಪ್ಯೂಟರ್ ತಲೆ ಮುಗೀತು ಅಂತ ತಿಳ್ಕೊಂಡಿತು. ನನ್ನ ಹೆಸರಿನ ಹಿಂದೆ ನಿಂತಿದ್ದ ಗುಟ್ಟಿನ ಕೈ ವಿಷಯದೊಳಗೆ ಬಿದ್ದು, ಪ್ರಿಂಟಾಗಿ, ದೇವರ ಎದುರು ಬಂತು. ನಾನು ಒತ್ತಿದ್ದು ಗೊತ್ತಿಲ್ಲದೆ. ಗೊತ್ತಿದ್ದವ ಒಬ್ಬ ಒತ್ತಿದ್ರೆ, ಹೆಸರಿನ ಕೆಳಗೆ ತನಗೆ ಬೇಕಾದ ಸಾಲು ತಾನೇ ಬರೆದು ಸೇರಿಸಬಹುದು. ಅದು ಆಫೀಸಿನವರೇ ಬರೆದದ್ದು ಅಂತ ಆ ಕಡೆಯವರು ನಂಬ್ತಾರೆ.

“ಹೆಸರಲ್ಲಿ ಹೊಸ ಸಾಲು ಉಂಟಾ ಅಂತ ನೋಡುವವರು ಯಾರೂ ಇಲ್ವಾ?”

“ಕಾಗದ ಕಟ್ಟಿ ಕಳಿಸುವ ಕೆಲಸ ಒಂದು ಲೈಬ್ರೆರಿದ್ದು. ಅದು ನೋಡ್ಬೇಕಿತ್ತು. ನೋಡಲಿಲ್ಲ.”

ಲೈಬ್ರೆರಿ ಅಂದ್ರೆ ಪುಸ್ತಕದ್ದಲ್ಲ. ಎಲ್ಲಿಯೋ ಯಾರೋ ಬರೆದು ಇಟ್ಟದ್ದು, ಎಲ್ಲರೂ ಪುಕ್ಕಟೆ ತಂದು ತಮ್ಮದರೊಳಗೆ ಸೇರಿಸುವುದು. ಒಳಗೆ ಎಂತ ಉಂಟು ಅಂತ ಬಿಚ್ಚಿ ನೋಡುವವರಿಲ್ಲ. ಇದೇ ಲೈಬ್ರೆರಿ ಆಸ್ಪತ್ರೆಯಲ್ಲೂ ಇರಬಹುದು, ಶಾಲೆಯಲ್ಲೂ ಇರಬಹುದು ಅಂದಳು. “ನಮ್ಮದೂ ತಪ್ಪುಂಟು ಅಮ್ಮ. ನೋಡದೆ ತಂದದ್ದು ನಾವು.” ಹಾಗೆ ಹೇಳಿದವಳು ಆ ಆಫೀಸಲ್ಲಿ ಅವಳೊಬ್ಬಳೇ ಇರ್ಬೇಕು.

ಮರುದಿನವೇ ಆ ಬೀಗದ ಕೈ ಬದಲಿಸಿದರಂತೆ. ಅಲ್ಲಿಗೆ ಮುಗಿದಿದ್ರೆ ಚಂದ ಇತ್ತು. ಅವಳು ಲೈಬ್ರೆರಿ ಬರೆದವರಿಗೆ ಕಾಗದ ಬರೆದಳು. ಉತ್ತರ ಬಂತು: ಉಪಯೋಗ ಮಾಡುವವರು ಹೆಸರಲ್ಲಿ ಬೇಡದ್ದನ್ನು ತೊಳೆದು ಕಳಿಸ್ಬೇಕು, ಅದು ನಮ್ಮ ಕೆಲಸ ಅಲ್ಲ. ಆಫೀಸಿನ ಧಣಿಗೆ ಹೇಳಿದಳು. ಅವನು, ಅಷ್ಟು ದೊಡ್ಡವರು ಬರೆದದ್ದು, ಸಾವಿರಾರು ಜನ ಉಪಯೋಗ ಮಾಡ್ತಾರೆ, ನೀನೊಬ್ಬಳು ತಪ್ಪು ಹುಡುಕಿದ್ದಾ ಅಂದನಂತೆ. ಅವರು ತಪ್ಪನ್ನು ಇವರ ಮೇಲೆ ಹಾಕಿದ್ರು, ಇವರು ತಪ್ಪೇ ಇಲ್ಲ ಅಂದ್ರು. ಕಡೆಗೆ ಧಣಿ ಒಂದು ದಾರಿ ಕಂಡುಹಿಡಿದ. ದೇವಸ್ಥಾನದ ಕಮಿಟಿಗೆ ಕೊಡುವ ವರದಿಯಲ್ಲಿ ‘ಬಳಕೆದಾರರ ತಪ್ಪು’ ಅಂತ ಬರೀಬೇಕು, ಅವಳು ಸಹಿ ಹಾಕ್ಬೇಕು.

ಬಳಕೆದಾರರು ಅಂದ್ರೆ ಯಾರು? ನಾನು!

ಅವಳು ಸಹಿ ಹಾಕಲಿಲ್ಲ. ಒಂದು ವಾರ ಮೇಲಿಂದ ನಗು ಕೇಳಲಿಲ್ಲ. ಮೆಟ್ಟಿಲಲ್ಲಿ ನಿಂತು ಅವಳ ಅಕ್ಕನ ಹತ್ತಿರ ಫೋನಲ್ಲಿ ಹೇಳ್ತಿದ್ದದ್ದು ನನ್ನ ಕಿವಿಗೆ ಬಿತ್ತು: “ಬರೀದಿದ್ರೆ ಕೆಲಸ ಹೋಗ್ಬಹುದು. ಬರೆದ್ರೆ ಅದು ಹಾಗೇ ಮುಚ್ಚಿ ಹೋಗ್ತದೆ. ನಾಳೆ ಯಾವುದೋ ಆಸ್ಪತ್ರೆಯಲ್ಲಿ ಆದ್ರೆ?” ಕೆಲಸ ಹೋಗ್ಬಹುದು ಅಂತ ಹೇಳಿದ್ದು ಮಾತ್ರ ನನ್ನ ತಲೆಯಲ್ಲಿ ಉಳೀತು. ಉಳಿದದ್ದು ನೆನಪಾದದ್ದು ಎಲ್ಲ ಮುಗಿದ ಮೇಲೆ. ನನ್ನ ಕಿವಿ ಹಾಗೆ, ತನಗೆ ಬೇಕಾದಷ್ಟೇ ಇಟ್ಟುಕೊಳ್ತದೆ.

ಎರಡು ದಿನ ಕಳೆದು ಧಣಿಯೇ ನಮ್ಮ ಮನೆಗೆ ಬಂದ. ಮಧ್ಯಾಹ್ನ, ಅವಳು ಆಫೀಸಲ್ಲಿರುವಾಗ. ಅದೂ ಲೆಕ್ಕ ಹಾಕಿಯೇ ಬಂದದ್ದು ಅಂತ ನನಗೆ ಆಮೇಲೆ ಹೊಳೆದದ್ದು. ಒಳ್ಳೆಯ ಮಾತು, ಕಾಲು ಮುಟ್ಟಿ ನಮಸ್ಕಾರ. ಬೆವರು ಒರೆಸಿಕೊಳ್ತಿದ್ದ, ಪಾಪ ಅಂತ ಪುನರ್ಪುಳಿ ಶರಬತ್ತು ಮಾಡಿ ಕೊಟ್ಟೆ.

“ಅಮ್ಮ, ನೀವು ಹೆಸರಿನ ಜಾಗದಲ್ಲಿ ಎಂಟರ್ ಒತ್ತಿದ್ರಾ?”

“ಒತ್ತಿದೆ.”

“ಎರಡು ಸಲ?”

“ಹೌದು, ನಮ್ಮ ಕ್ರಮ ಹಾಗೆ.”

“ಒತ್ತಬಾರದಿತ್ತಲ್ವಾ ಅಮ್ಮ?”

ನಾನು ಎಂತ ಹೇಳ್ಬೇಕಿತ್ತು? ಒತ್ತಬಾರದು ಅಂತ ನೀನು ಎಲ್ಲಿ ಬರೆದಿದ್ದೀ ಅಂತ ಕೇಳ್ಬೇಕಿತ್ತು. ಎಪ್ಪತ್ತು ದಾಟಿದ ಮುದುಕಿ ಎರಡು ಸಲ ಒತ್ತಿದ್ರೆ ಬೀಗದ ಕೈ ಹೊರಗೆ ಬೀಳ್ತದೆ ಅಂತಾದ್ರೆ ಅದು ಎಂತ ಬಾಗಿಲು ಮಾರಾಯ ಅಂತ ಕೇಳ್ಬೇಕಿತ್ತು. ಬಾಯಿ ಇಲ್ಲದವಳಲ್ಲ ನಾನು. ಮೀನಿನವನೂ ಆಟೋದವನೂ ನನ್ನ ಬಾಯಿಗೆ ಹೆದರ್ತಾರೆ. (ಮೀನು ನಮಗೆ ಆಗುವುದಿಲ್ಲ, ಗೇಟಿನ ಎದುರು ಸ್ಕೂಟರ್ ನಿಲ್ಲಿಸಿದ್ದಕ್ಕೆ ಜಗಳ.) ಅಂಥವಳು ಅವತ್ತು ಹೇಳಿದ್ದು ಇಷ್ಟು:

“ಹೌದಪ್ಪ, ನನ್ನದೇ ತಪ್ಪು. ಅವಳದ್ದು ಎಂತದ್ದೂ ಇಲ್ಲ. ಅವಳನ್ನು ಏನೂ ಮಾಡ್ಬೇಡಿ.”

“ಇನ್ನೊಮ್ಮೆ ಹೇಳ್ತೀರಾ ಅಮ್ಮ? ಸ್ವಲ್ಪ ಗಟ್ಟಿಯಾಗಿ.” ಮೊಬೈಲ್ ಮೇಜಿನ ಮೇಲೆ ಇಟ್ಟಿದ್ದ. ನಾನು ಗಟ್ಟಿಯಾಗಿ ಹೇಳಿದೆ. ಅವಳನ್ನು ಉಳಿಸಿದೆ ಅಂತ ನನಗೆ ಖುಷಿ. ಅವನು ಎರಡನೇ ಗ್ಲಾಸ್ ಶರಬತ್ತೂ ಕುಡಿದು ಹೋದ.

ಕಮಿಟಿ ಮೀಟಿಂಗಲ್ಲಿ ಆದದ್ದು ಮೈದುನ ಬಂದು ಹೇಳಿದ. ಅವಳು ತನ್ನ ವರದಿ ಓದಿದಳಂತೆ. ಇದು ಭಕ್ತರ ತಪ್ಪಲ್ಲ, ಲೈಬ್ರೆರಿಯ ದೋಷ, ಅದನ್ನು ನೋಡದೆ ತಂದ ನಮ್ಮ ಆಫೀಸಿನ ದೋಷ. ಅವಳು ಓದಿ ಮುಗಿಸಿದ ಮೇಲೆ ಧಣಿ ಮೊಬೈಲ್ ಹಿಡಿದು ನನ್ನ ಧ್ವನಿ ಕೇಳಿಸಿದ. ‘ನನ್ನದೇ ತಪ್ಪು.’ ಎಲ್ಲರೂ ನಗಾಡಿದರಂತೆ. ಅಜ್ಜಿಯೇ ಒಪ್ಪಿದ್ದಾರಲ್ಲ, ಇನ್ನು ಈಕೆಯದ್ದು ಎಂತ ದೊಡ್ಡ ಪುರಾಣ ಅಂತ. ‘ಅವಳನ್ನು ಏನೂ ಮಾಡ್ಬೇಡಿ’ ಅಂದದ್ದು ಅಲ್ಲಿ ಇರಲೇ ಇಲ್ಲವಂತೆ. ಕತ್ತರಿಸಿದ್ದ.

“ನೀನು ಎಂತ ಮಾಡಿದಿ?” ಅಂತ ಮೈದುನನ ಹತ್ತಿರ ಕೇಳಿದೆ.

“ನಾನು ಎಂತ ಹೇಳುವುದು ಅತ್ತಿಗೆ? ನಿಮ್ಮದೇ ಧ್ವನಿ ಅಲ್ವಾ?”

ಇಲ್ಲದ ತಪ್ಪು ಸೃಷ್ಟಿ ಮಾಡಿ ಆಫೀಸಿನ ಹೆಸರು ಹಾಳು ಮಾಡಿದಳು ಅಂತ ಅವಳಿಂದ ರಾಜೀನಾಮೆ ಬರೆಸಿಕೊಂಡರು. ತಪ್ಪು ಹುಡುಕ್ಲಿಕ್ಕೆ ಸಂಬಳ ಕೊಟ್ಟು ಇಟ್ಟವಳನ್ನು, ತಪ್ಪು ಹುಡುಕಿದ್ದಕ್ಕೆ ಕಳಿಸಿದ್ರು! ನನ್ನ ಜೀವಮಾನದಲ್ಲಿ ಇಂಥ ನ್ಯಾಯ ಕಂಡದ್ದಿಲ್ಲ. ಬೇರೆ ಆಫೀಸಿನವರು ಕೇಳಿದ್ರೆ ಇವನು ಎಂತ ಹೇಳಿದನೋ... ಅವಳಿಗೆ ಮತ್ತೆ ಆ ಕೆಲಸ ಎಲ್ಲಿಯೂ ಸಿಗಲಿಲ್ಲ.

ನನಗೆ ಅವಳು ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ರೆ ನಾನೂ ನಾಲ್ಕು ಮಾತಾಡಿ, ಅತ್ತು, ಸರಿಯಾಗ್ತಿತ್ತು. ನಾನು ಬೇಕಂತಲೇ ಪತ್ರೊಡೆ ಮಾಡಿ ಮೇಲೆ ತಗೊಂಡು ಹೋದೆ. ತಗೊಂಡಳು. ಮರುದಿನ ಪಾತ್ರೆ ಬಾಗಿಲ ಹತ್ತಿರ ಇತ್ತು, ತೊಳೆದು, ಒರೆಸಿ. ಖಾಲಿ. ಆರು ವರ್ಷದಲ್ಲಿ ಮೊದಲ ಸಲ. ಮುಂದಿನ ತಿಂಗಳು ಮನೆ ಬಿಟ್ಟು ಅಕ್ಕನ ಮನೆಗೆ ಹೋದಳು, ಕಂಕನಾಡಿ ಕಡೆಗೆ. ಅಲ್ಲೇ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮದುವೆ ಕಾಗದ ಟೈಪ್ ಮಾಡುವ ಕೆಲಸ.

ಇನ್ನು ಕೇಳಿ. ವರ್ಷ ಆಗಲಿಲ್ಲ, ಆ ಲೈಬ್ರೆರಿಯವರು ಹೊಸತು ಬಿಟ್ಟರು. ಮೊಮ್ಮಗಳು ಹುಡುಕಿ ಓದಿ ಹೇಳಿದಳು: ಇನ್ನು ಮುಂದೆ ಹೆಡರಿನಲ್ಲಿ ಹೊಸ ಸಾಲು ಬಂದ್ರೆ ನಾವು ತಗೊಳ್ಳುವುದಿಲ್ಲ. ಒಂದೇ ಸಾಲು ಬರೆದಿದ್ದಾರೆ! ನಮ್ಮ ಕೆಲಸ ಅಲ್ಲ ಅಂದವರು ನೀವೇ ಅಲ್ವಾ? ಯಾರು ಮೊದಲು ಹೇಳಿದ್ದು ಅಂತ ಹೆಸರಿಲ್ಲ. ಕೊಟ್ಟಾರದ ಧಣಿ ಆ ಹೊಸತನ್ನು ತಂದು ಹಾಕಿ, ‘ಭಕ್ತರ ಸುರಕ್ಷತೆಗಾಗಿ’ ಅಂತ ಕಮಿಟಿಗೆ ಕಾಗದ ಬರೆದ. ಕಮಿಟಿಯವರು ಅವನಿಗೆ ಶಾಲು ಹಾಕಿದರು. ಶಾಲು! ಪ್ರಸಾದ ಕೊಟ್ಟದ್ದು ನನ್ನ ಮೈದುನ. ಆ ದಿನ ನಾನು ಮೈದುನನಿಗೆ ಊಟ ಬಡಿಸಲಿಲ್ಲ. ತಾನೇ ಬಡಿಸಿಕೊಂಡು ತಿಂದ.

ಅವಳನ್ನು ಮತ್ತೆ ನೋಡಿದ್ದು ಒಂದೇ ಸಲ, ಕಂಕನಾಡಿ ಮಾರ್ಕೆಟಲ್ಲಿ. ಬಸಳೆ ಆರಿಸ್ತಾ ಇದ್ದಳು. ಬಡಕಲಾಗಿದ್ದಳು. ನನ್ನ ಮಂಡಿನೋವು, ಮೊಮ್ಮಗಳ ಪರೀಕ್ಷೆ, ಎಲ್ಲ ಕೇಳಿದಳು. ಹೊರಡುವಾಗ ಬಸಳೆ ಕಟ್ಟನ್ನು ಈ ಕೈಯಿಂದ ಆ ಕೈಗೆ ಮಾಡಿಕೊಂಡು ಕೇಳಿದಳು:

“ಅಮ್ಮ, ನೀವು ಯಾಕೆ ಹಾಗೆ ಹೇಳಿದ್ದು?”

ಸಿಟ್ಟಿನಿಂದ ಕೇಳಿದ್ದಲ್ಲ. ಎಲ್ಲಿ ಮುರೀತು ಅಂತ ನೋಡುವವಳ ಹಾಗೆ, ನಿಜವಾಗಿ ಗೊತ್ತಾಗದೆ ಕೇಳಿದ್ದು. ನಾನು ಎಂತ ಹೇಳಿದೆ ಗೊತ್ತುಂಟಾ? ಬಸಳೆ ಎಳತು ಉಂಟಲ್ಲ, ಹಲಸಿನ ಬೀಜ ಹಾಕಿ ಮಾಡು ಅಂದೆ. ಅವಳು ತಲೆ ಆಡಿಸಿದಳು, ರಸ್ತೆ ದಾಟಿದಳು.

ಹೋದ ವರ್ಷ ಅವಳ ಅಕ್ಕನ ಫೋನ್ ಬಂತು. ಹೊಟ್ಟೆಯೊಳಗೆ ಏನೋ ಗಡ್ಡೆಯಂತೆ, ಗೊತ್ತಾಗುವಾಗ ತಡವಾಗಿತ್ತಂತೆ... ತಪ್ಪು ಹುಡುಕುವವಳಿಗೆ ತನ್ನದು ಗೊತ್ತಾಗಲಿಲ್ಲ. ನಾನು ಹೋಗುವಾಗ ಎಲ್ಲ ಮುಗಿದಿತ್ತು.

ಯಾಕೆ ಹೇಳಿದ್ದು ಅಂತ ಈಗ ಹೇಳ್ತೇನೆ ಕೇಳು ಮಾರಾಯ್ತಿ. ಮದುವೆಯಾಗಿ ಬಂದ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ್ರೆ ನನ್ನದೇ ತಪ್ಪು ಅಂದೆ. ಮಗುವಿಗೆ ಜ್ವರ ಬಂದ್ರೆ ನನ್ನದೇ ತಪ್ಪು. ಗಂಡನಿಗೆ ಬಸ್ಸು ತಪ್ಪಿದ್ರೂ ನನ್ನದೇ. ಹಾಗೆ ಹೇಳಿದ ಕೂಡ್ಲೇ ಮಾತು ನಿಲ್ತದೆ, ಎಲ್ಲರೂ ಊಟಕ್ಕೆ ಎಲೆ ಹಾಕಿ ಕೂತ್ಕೊಳ್ತಾರೆ. ಅಷ್ಟು ವರ್ಷ ಅದರಲ್ಲೇ ಮನೆ ನಡೆಸಿದವಳು ನಾನು. ಇದೂ ಹಾಗೇ ನಿಲ್ತದೆ ಅಂತ ಗ್ರಹಿಸಿದೆ. ನನ್ನ ಮನೆಯೊಳಗೆ ನನಗೆ ಮಾತ್ರ ತಾಗ್ತಿದ್ದ ಮಾತು, ಹೊರಗೆ ಹೋದ್ರೆ ಬೇರೊಬ್ಬಳನ್ನು ಕಡೀತದೆ ಅಂತ ಗೊತ್ತಿರಲಿಲ್ಲ. ಈ ಉತ್ತರ ಸಿಗ್ಲಿಕ್ಕೆ ಇಷ್ಟು ಕಾಲ ಹಿಡೀತು. ಕೇಳಿದವಳು ಈಗ ಇಲ್ಲ.

ಬರುವ ಆದಿತ್ಯವಾರ ದೇವಸ್ಥಾನದಲ್ಲಿ ಕಮಿಟಿ ಮೀಟಿಂಗ್ ಉಂಟು. ನಾನು ಹೋಗ್ತೇನೆ ಅಂತ ಮೈದುನನಿಗೆ ಹೇಳಿದ್ದೇನೆ. ನನ್ನದು ತಪ್ಪಲ್ಲ, ಅವಳು ಬರೆದದ್ದೇ ಸರಿ, ಅದನ್ನು ಕಮಿಟಿಯ ಪುಸ್ತಕದಲ್ಲಿ ಬರೀರಿ ಅಂತ ಎಲ್ಲರೆದುರು ಹೇಳ್ತೇನೆ. ಯಾರೂ ಕತ್ತರಿಸದ ಹಾಗೆ, ಎದುರು ನಿಂತು. ಮೈದುನ ತಲೆ ತುರಿಸಿಕೊಂಡ.

“ಇನ್ನು ಅದರಿಂದ ಎಂತ ಆಗ್ಲಿಕ್ಕುಂಟು ಅತ್ತಿಗೆ? ಅವರೇ ಇಲ್ಲವಲ್ಲ.”

ಇಲ್ಲ. ಅದಕ್ಕೇ ನಾನು ಹೋಗುವುದು.